ತಳಕಿನ ಅಂಕಲ್ ಮತ್ತು ಮೂವತ್ತೊಂದು ಉತ್ತರ ಪತ್ರಿಕೆಗಳು

ಹಳ್ಳಿಯ ಪ್ರೌಢಶಾಲೆಗೆ ಹೊಸದಾಗಿ ಇಂಗ್ಲಿಷ್ ಶಿಕ್ಷಕರಾಗಿ ಸೇರಿದವರು ಆಗಾಗ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಬಂದವರಿಗೆ ಕಾಫಿ ಕೊಡುತ್ತೇನೆ, ಅರ್ಧ ಗಂಟೆ ಸಮಯ ಕೊಡುತ್ತೇನೆ. ಅರ್ಧ ಗಂಟೆಯಲ್ಲಿ ಹೇಳಿ ಮುಗಿಸಲಾಗದ್ದು ಒಂದಿದೆ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ವರ್ಗಾವಣೆ, ಬಡ್ತಿ, ಸನ್ಮಾನದ ಶಾಲು ಇವುಗಳ ಸುದ್ದಿ ಇದರಲ್ಲಿಲ್ಲ. ಅವು ಎಲ್ಲರಿಗೂ ಆಗುವಂಥವು.

ನಾನು ಬೆಳೆದದ್ದು ಹಾಸ್ಟೆಲಿನಲ್ಲಿ. ಏಳುವುದಕ್ಕೆ ಒಂದು ಗಂಟೆ ಬಾರಿಸುತ್ತಿದ್ದರು, ಉಣ್ಣುವುದಕ್ಕೆ ಒಂದು, ಓದುವುದಕ್ಕೆ ಎರಡು. ಆ ಶಿಸ್ತು ಮೈಗೆ ಹತ್ತಿಬಿಟ್ಟಿತ್ತು. ಶಿಕ್ಷಕಿಯಾದ ಮೇಲೂ ನನ್ನ ತರಗತಿಯಲ್ಲಿ ಸೀಮೆಸುಣ್ಣ ಮೇಜಿನ ಬಲಕ್ಕೆ, ಡಸ್ಟರ್ ಎಡಕ್ಕೆ, ಮಾಡಿದ ಪಾಠದ ಪಕ್ಕದಲ್ಲಿ ಅಂದೇ ಒಂದು ಗುರುತು. ಆ ಗುರುತಿನ ಪುಸ್ತಕಗಳು ಈಗಲೂ ನನ್ನ ಬೀರುವಿನಲ್ಲಿವೆ.

ತೊಂಬತ್ತರ ದಶಕದ ಆರಂಭದಲ್ಲಿ ನಾನು ಚಳ್ಳಕೆರೆಯ ಒಂದು ಶಾಲೆಯಲ್ಲಿದ್ದೆ. ಅಲ್ಲಿ ನನ್ನ ಮೊದಲ ತಲೆನೋವು ‘ಗೆಟ್’ ಎಂಬ ಒಂದು ಕ್ರಿಯಾಪದ. ಮಕ್ಕಳು ಅದೊಂದನ್ನು ಹಿಡಿದುಕೊಂಡರೆ ಉಳಿದ ಇಂಗ್ಲಿಷ್ ಬೇಡವೆಂದು ತಿಳಿದಿದ್ದರು. ಜ್ವರ ಗಾಟ್, ಬಸ್ ಗಾಟ್, ಅಕ್ಕನ ಮದುವೆಯೂ ಗಾಟ್. ಒಂಬತ್ತನೇ ತರಗತಿಯ ಹುಡುಗನೊಬ್ಬ ಒಮ್ಮೆ ‘ವಿ ಗಾಟ್ ಎ ಬುಲಕ್’ ಎಂದು ಬರೆದಿದ್ದ.

“ಎತ್ತು ಕೊಂಡ್ರೇನಪ್ಪಾ?” ಎಂದೆ.

“ಇಲ್ಲ ಮೇಡಂ.”

“ಯಾರಾದರೂ ಕೊಟ್ಟರೇ?”

“ಇಲ್ಲ ಮೇಡಂ. ಸಿಕ್ತು.”

“ಸಿಕ್ತು ಅಂದ್ರೆ? ಎತ್ತು ಹೆಂಗೆ ಸಿಗುತ್ತೆ?”

“ನಮ್ ಹೊಲ್ದಾಗೆ ಮೇಯ್ತಿತ್ತು ಮೇಡಂ, ಹಿಡ್ದು ಕಟ್ಟಾಕಿದ್ವಿ. ಯಾರ್ದೋ ಏನೋ. ಕೇಳ್ಕಂಡ್ ಬಂದ್ರೆ ಕೊಡ್ತೀವಿ.”

ತರಗತಿ ನಕ್ಕಿತು. ನಾನು ನಗಲಿಲ್ಲ, ಯೋಚಿಸಿದೆ. ನಮ್ಮ ‘ಸಿಕ್ತು’ ಎಷ್ಟು ದೊಡ್ಡ ಚೀಲ! ಕೆಲಸ ಸಿಕ್ತು, ಹೆಣ್ಣು ಸಿಕ್ತು, ಕಳ್ಳ ಸಿಕ್ಕ, ಪುರಸೊತ್ತು ಸಿಗಲಿಲ್ಲ. ನೇಕಾರರ ಮಕ್ಕಳು ಮನೆಯಲ್ಲಿ ತೆಲುಗಿನಲ್ಲಿ ‘ದೊರಿಕಿಂದಿ’ ಅನ್ನುತ್ತಿದ್ದರು, ಮುಸ್ಲಿಮರ ಮಕ್ಕಳು ‘ಮಿಲಾ’ ಅನ್ನುತ್ತಿದ್ದರು. ಮೂರು ಮಾತಿನಲ್ಲೂ ವಸ್ತು ತಾನಾಗಿ ನಡೆದು ಬಂದು ನಮಗೆ ಸಿಗುತ್ತದೆ. ಇಂಗ್ಲಿಷಿನಲ್ಲಿ ಹಾಗಲ್ಲ. ಅಲ್ಲಿ ವಾಕ್ಯದ ಮೊದಲಿಗೇ ‘ನಾನು’ ನಿಲ್ಲಬೇಕು. ಕೊಂಡೆನೋ, ಎರವಲು ತಂದೆನೋ, ದುಡಿದೆನೋ, ಗೆದ್ದೆನೋ, ಕದ್ದೆನೋ ಎಂದು ಬೇರೆ ಬೇರೆ ಮಾತಿನಲ್ಲಿ ಒಪ್ಪಿಸಬೇಕು. ‘ಗೆಟ್’ ಹಾಕಿದರೆ ತಪ್ಪಿಸಿಕೊಳ್ಳಬಹುದು, ಅಷ್ಟೆ. ಈ ಭೇದವನ್ನು ಮಕ್ಕಳಿಗೆ ಹಿಡಿಸಿಯೇ ತೀರುತ್ತೇನೆಂದು ಅಂದೇ ನಿಶ್ಚಯಿಸಿದೆ. ನಿಶ್ಚಯ ಸರಿಯಾಗಿತ್ತು. ಹಿಡಿಸಿದ ರೀತಿ ತಪ್ಪಾಗಿತ್ತು.

ಕೆಲವು ವರ್ಷಗಳ ನಂತರ ಮೊಳಕಾಲ್ಮುರು ತಾಲ್ಲೂಕಿಗೆ ಬಂದೆ. ಬಿ.ಜಿ. ಕೆರೆಯ ಹೆದ್ದಾರಿಯಿಂದ ಒಳಕ್ಕೆ ಹೋಗುವ ದಾರಿಯಲ್ಲಿ ನಮ್ಮ ಶಾಲೆ. ನಾಲ್ಕು ಕೋಣೆ, ಒಂದು ಬೇವಿನ ಮರ. ಅಲ್ಲಿ ನನ್ನ ಪದ್ಧತಿಯನ್ನು ಪೂರ್ಣವಾಗಿ ಜಾರಿಗೆ ತಂದೆ. ಒಂದು ದೊಡ್ಡ ಹಾಳೆಯ ಮೇಲೆ ಏಳು ಕ್ರಿಯಾಪದ, ಏಳು ವಾಕ್ಯ ಬರೆದು ಗೋಡೆಗೆ ಹೊಡೆಸಿದೆ: ಅಂಗಡಿಯಿಂದ ಚೀಲ ಕೊಂಡೆ. ತಳಕು ಊರಿನಲ್ಲಿರುವ ಅಂಕಲ್‌ನಿಂದ ಪತ್ರ ಬಂತು. ಲೈಬ್ರರಿಯಿಂದ ಪುಸ್ತಕ ಎರವಲು ತಂದೆ. ಕೆರೆಯ ಹತ್ತಿರ ಉಂಗುರ ಸಿಕ್ಕಿತು. ಓಟದಲ್ಲಿ ಪೆನ್ನು ಗೆದ್ದೆ. ಒಳ್ಳೆಯ ಹೆಸರು ಸಂಪಾದಿಸಿದೆ. ತಾತನ ಗಡಿಯಾರ ನನಗೆ ವಾರಸಾಗಿ ಬಂತು. ಬಾಟ್, ರಿಸೀವ್ಡ್, ಬಾರೋಡ್, ಫೌಂಡ್, ವನ್, ಅರ್ನ್ಡ್, ಇನ್ಹೆರಿಟೆಡ್. ದಿನಾ ಪ್ರಾರ್ಥನೆ ಮುಗಿದ ಕೂಡಲೇ ಹತ್ತನೇ ತರಗತಿಯವರು ಎದ್ದು ನಿಂತು ಏಳನ್ನೂ ಒಂದೇ ದನಿಯಲ್ಲಿ ಹೇಳಬೇಕು. ಐದು ನಿಮಿಷ. ಒಂದು ದಿನವೂ ತಪ್ಪಲಿಲ್ಲ.

ಹೆದ್ದಾರಿ ಬದಿಯಲ್ಲಿ ಲಾರಿ ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್ ಒಬ್ಬರ ಮಗ ರಹಮತ್ ಎಂಬವನು ಆ ತರಗತಿಯಲ್ಲಿದ್ದ. ಒಂದು ದಿನ ಕೈ ಎತ್ತಿದ.

“ಮೇಡಂ, ನಮ್ ದಾದಾ ಹತ್ರ ವಾಚೇ ಇರ್ಲಿಲ್ಲ.”

“ಇಲ್ಲದಿದ್ದರೆ ಇಲ್ಲ. ವಾಕ್ಯ ಹೇಳು.”

“ಉಂಗ್ರನೂ ಸಿಕ್ಕಿಲ್ಲ ಮೇಡಂ. ಕೆರೇಲಿ ನೀರೇ ಇಲ್ಲ, ಉಂಗ್ರ ಎಲ್ಲಿಂದ ಬರ್ತೈತೆ?”

“ರಹಮತ್, ನಿಂತುಕೋ. ಏಳು ವಾಕ್ಯ, ಮೂರು ಸಲ.”

ಅವನು ಹೇಳಿದ. ಆ ವರ್ಷ ನನಗೆ ಸಿಕ್ಕ ಒಂದೇ ಒಂದು ಒಳ್ಳೆಯ ಸಲಹೆ ಅದಾಗಿತ್ತು. ನಾನು ಅದಕ್ಕೆ ಶಿಕ್ಷೆ ಕೊಟ್ಟೆ.

ಮೇಲಧಿಕಾರಿಗಳ ಹೊಗಳಿಕೆಯೂ ಕೆಲವೊಮ್ಮೆ ಕೆಡಿಸುತ್ತದೆ. ಶಾಲೆ ನೋಡಲು ಬಂದ ಇನ್ಸ್‌ಪೆಕ್ಟರೊಬ್ಬರು ಮಕ್ಕಳ ಒಕ್ಕೊರಲನ್ನು ಬಾಗಿಲಲ್ಲಿ ನಿಂತು ಕೇಳಿ, ತಲೆದೂಗಿ, ಭೇಟಿ ಪುಸ್ತಕದಲ್ಲಿ ‘ಅತ್ಯುತ್ತಮ’ ಎಂದು ಬರೆದು ಅಡಿಗೆರೆ ಎಳೆದರು. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನಮ್ಮ ಹೆಡ್‌ಮಾಸ್ಟರು ತಿಪ್ಪೇಸ್ವಾಮಿಯವರು ಆ ಪುಟವನ್ನು ಬಂದವರಿಗೆಲ್ಲ ತೋರಿಸಿದರು. ನಾನೂ ಎರಡು ಸಲ ತೆರೆದು ನೋಡಿದ್ದೇನೆ.

ಹತ್ತನೇ ತರಗತಿಯ ಪಬ್ಲಿಕ್ ಪರೀಕ್ಷೆ ಬಂತು. ಇಂಗ್ಲಿಷ್ ಪತ್ರಿಕೆಯ ದಿನ ಮಕ್ಕಳು ಪರೀಕ್ಷಾ ಕೊಠಡಿಯಿಂದ ಹೊರಬಿದ್ದವರೇ ಓಡಿ ಬಂದರು. “ಮೇಡಂ, ನಮ್ ಏಳೂ ಬಂತು!” ಎಂದು ಕೂಗಿದವಳು ನಾಗವೇಣಿ. ನೇಕಾರರ ಮನೆಯ ಹುಡುಗಿ, ಮಾತು ಕಡಿಮೆ. ಅವಳು ಕೂಗಿದ್ದನ್ನು ಅಂದೇ ನಾನು ಮೊದಲು ಕೇಳಿದ್ದು. ‘ನಿಮಗೆ ಪ್ರಿಯವಾದ ವಸ್ತುಗಳ ಬಗ್ಗೆ ಒಂದು ಪ್ಯಾರಾ ಬರೆಯಿರಿ’ ಎಂಬ ಪ್ರಶ್ನೆಗೆ ಮೂವತ್ತೊಂದು ಮಕ್ಕಳೂ ಗೋಡೆಯ ಏಳು ವಾಕ್ಯಗಳನ್ನು ಬರೆದು ಬಂದಿದ್ದರು. ನಾನು ಪೆಪ್ಪರ್‌ಮೆಂಟು ಹಂಚಿದೆ.

ಫಲಿತಾಂಶದ ಪಟ್ಟಿಯಲ್ಲಿ ನಮ್ಮ ಶಾಲೆಯ ಮೂವತ್ತೊಂದು ಹೆಸರಿನ ಮುಂದೆಯೂ ‘ತಡೆಹಿಡಿಯಲಾಗಿದೆ’ ಎಂದಿತ್ತು. ಹಿಂದೆಯೇ ಪರೀಕ್ಷಾ ಮಂಡಳಿಯಿಂದ ಪತ್ರ ಬಂತು. ಮೂವತ್ತೊಂದು ಉತ್ತರ ಪತ್ರಿಕೆಗಳಲ್ಲೂ ಒಂದೇ ಪ್ಯಾರಾ. ಅದೇ ಕೆರೆ, ಅದೇ ಉಂಗುರ, ತಳಕಿನ ಅದೇ ಅಂಕಲ್. ಸಾಮೂಹಿಕ ನಕಲಿನ ಶಂಕೆ.

ಹೆಡ್‌ಮಾಸ್ಟರು ಪತ್ರವನ್ನು ನನ್ನ ಕಡೆ ಸರಿಸಿದರು. “ಏನ್ರೀ ಮೇಡಂ ಇದು? ಮೂವತ್ತೊಂದು ಮಕ್ಳಿಗೂ ತಳಕಿನಾಗೆ ಒಬ್ನೇ ಅಂಕಲ್ಲಾ?”

“ಅಂಕಲ್ ನನ್ನವನು ಸರ್. ನಾನೇ ಹುಟ್ಟಿಸಿದ್ದು.”

“ಸುಮ್ನಿರ್ರಿ. ಸಪ್ಲಿಮೆಂಟರಿ ಬರೀತಾವೆ. ನಾವು ಬಾಯಿ ಬಿಟ್ರೆ ಸ್ಕೂಲಿನ ಹೆಸರು ಹೋಗ್ತೈತೆ.”

ಸುಮ್ಮನಿರುವ ಹಾಗಿರಲಿಲ್ಲ. ಕಾಲೇಜು ಸೇರುವ ಕೊನೆಯ ದಿನ ಹತ್ತಿರದಲ್ಲಿತ್ತು. ಅಷ್ಟರಲ್ಲಿ ಫಲಿತಾಂಶ ಬರದಿದ್ದರೆ ಒಂದು ವರ್ಷ ಹೋದಂತೆಯೇ. ಆ ಸಂಜೆ ನಾಗವೇಣಿಯ ಮನೆಗೆ ಹೋದೆ. ನಡುಮನೆಯಲ್ಲಿ, ನೆಲದ ಗುಂಡಿಗೆ ಕಾಲು ಇಳಿಬಿಟ್ಟು ನೇಯುವ ಮೂರು ಗುಂಡಿ ಮಗ್ಗ. ಎರಡರಲ್ಲಿ ರೇಷ್ಮೆ ಸೀರೆ ನಡೆಯುತ್ತಿತ್ತು, ಮೂರನೆಯದು ಖಾಲಿ. ಅವಳ ತಾಯಿ ರಾಟೆ ನಿಲ್ಲಿಸಿ ಎದ್ದರು.

“ರಾಂಡಮ್ಮ, ಬರ್ರಿ, ಕೂತ್ಕಳ್ರಿ. ಇವ್ಳು ಕಾಪಿ ಹೊಡ್ದವ್ಳಂತೆ, ಊರೆಲ್ಲ ಅಂತೈತೆ. ಹೌದಾ ಟೀಚರಮ್ಮ?”

“ಇಲ್ಲಮ್ಮ. ತಪ್ಪು ನನ್ನದು.”

“ಯಾರ್ದಾದ್ರೂ ಆಗ್ಲಿ. ಇವ್ರಪ್ಪ ಮೊದ್ಲೇ ಹೇಳೈತೆ, ಒಂದೇ ಸಲಕ್ಕೆ ಪಾಸಾದ್ರೆ ಚಳ್ಳಕೆರೆ ಕಾಲೇಜು, ಇಲ್ಲಾಂದ್ರೆ ಆ ಮಗ್ಗ. ಒಂದ್ಸಲ ಗುಂಡೀಲಿ ಕಾಲಿಟ್ರೆ ಮೇಲಕ್ಕೆ ಯಾರು ಬಿಡ್ತಾರೆ? ನಾನು ಹನ್ನೆರಡಕ್ಕೆ ಇಟ್ಟೋಳು.”

ನಾಗವೇಣಿ ಖಾಲಿ ಮಗ್ಗದ ಕಡೆ ಬೆನ್ನು ಹಾಕಿ ನಿಂತಿದ್ದಳು. ನಾನು ಎದ್ದೆ.

ಮರುದಿನ ಮೊದಲ ಬಸ್ಸಿಗೆ ಹೊರಟು ಚಳ್ಳಕೆರೆಯಲ್ಲಿ ಬಸ್ಸು ಬದಲಿಸಿ ಚಿತ್ರದುರ್ಗ ತಲುಪಿದೆ. ವಿಚಾರಣೆಗೆ ನೇಮಕವಾಗಿದ್ದ ಅಧಿಕಾರಿಯ ಮುಂದೆ ಗೋಡೆಯ ಹಾಳೆಯನ್ನೂ ದಿನದ ಗುರುತು ಹಾಕಿದ ಪುಸ್ತಕಗಳನ್ನೂ ಇಟ್ಟೆ. ಅವರು ಹಾಳೆ ಹಾಳೆಯಾಗಿ ತಿರುವಿದರು.

“ಅಚ್ಚುಕಟ್ಟಾಗಿದೆ. ಆದರೆ ಇದು ನೀವೇ ಬರೆದದ್ದು. ಪರೀಕ್ಷಾ ಕೊಠಡಿಯಲ್ಲಿ ಯಾರೋ ನಿಂತು ಇದನ್ನೇ ಹೇಳಿ ಬರೆಸಿರಬಹುದಲ್ಲ?”

“ಹಾಗಾದರೆ ನೀವೇ ಶಾಲೆಗೆ ಬನ್ನಿ ಸರ್. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೇಳಿ. ಬೇಕಾದ್ದನ್ನು ಕೇಳಿ.”

ಅವರು ಕ್ಯಾಲೆಂಡರ್ ನೋಡಿ, “ಮುಂದಿನ ವಾರ ಗುರುವಾರ” ಎಂದರು. ನನಗೆ ಒಂಬತ್ತು ದಿನ ಇತ್ತು.

ರಜೆಯಲ್ಲಿದ್ದ ಮಕ್ಕಳನ್ನು ಹೇಳಿ ಕಳಿಸಿ ಕರೆಸಿದೆ. ಮೊದಲ ಬೆಳಿಗ್ಗೆ ರಹಮತ್‌ನ ಕೈಯಲ್ಲಿದ್ದ ಚೀಲ ತೋರಿಸಿ, ಇದು ನಿನಗೆ ಹೇಗೆ ಬಂತು ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಅವನು ಎದ್ದು ನಿಂತು ಏಳು ವಾಕ್ಯಗಳನ್ನೂ ಸರಾಗವಾಗಿ ಹೇಳಿ ಕುಳಿತ. ಬೇರೆಯವರನ್ನು ಕೇಳಿದೆ. ಅವರೂ ಅದನ್ನೇ ಹೇಳಿದರು, ಇಲ್ಲವೇ ಸುಮ್ಮನೆ ನಿಂತರು. ಒಂದು ವರ್ಷ, ದಿನಕ್ಕೆ ಐದು ನಿಮಿಷ, ತಪ್ಪದೇ ಹಾಕಿದ ಗುರುತುಗಳು. ಮಕ್ಕಳು ನಕಲು ಮಾಡಿರಲಿಲ್ಲ, ನಿಜ. ಆದರೆ ಕಲಿತೂ ಇರಲಿಲ್ಲ. ನಾನು ಕಲಿಸಿರಲಿಲ್ಲ.

ಆ ಮಧ್ಯಾಹ್ನ ಊಟಕ್ಕೆ ಕುಳಿತಾಗ ನೀರಿನ ಲೋಟ ಎತ್ತಿದೆ. ನಮ್ಮ ಕಡೆ ಸ್ಟೀಲ್ ಪಾತ್ರೆ ಉಡುಗೊರೆ ಕೊಡುವವರು ಅದರ ಮೇಲೆ ಹೆಸರು ಕೊರೆಸಿ ಕೊಡುತ್ತಾರೆ. ಆ ಲೋಟದ ಮೇಲೆ ನನ್ನ ಸೋದರತ್ತೆಯ ಹೆಸರೂ ನನ್ನ ಮದುವೆಯ ದಿನಾಂಕವೂ ಇದ್ದವು. ಇಪ್ಪತ್ತು ವರ್ಷ ಅದರಲ್ಲಿ ನೀರು ಕುಡಿದಿದ್ದೆ. ಆ ಲೋಟ ಮನೆಗೆ ಹೇಗೆ ಬಂತೆಂದು ಅದರ ಮೈಮೇಲೇ ಬರೆದಿತ್ತು. ಇಲ್ಲದ ಅಂಕಲ್, ಸಿಗದ ಉಂಗುರ ನನಗೆ ಯಾಕೆ ಬೇಕಾಗಿತ್ತು?

ಊಟವಾದ ಕೂಡಲೇ ಮಕ್ಕಳನ್ನು ಮತ್ತೆ ಕೂರಿಸಿ ಗೋಡೆಯ ಹಾಳೆಯನ್ನು ಮಡಚಿ ಇಟ್ಟೆ. “ನಾಳೆ ಪ್ರತಿಯೊಬ್ಬರೂ ಮನೆಯಿಂದ ಒಂದು ವಸ್ತು ತನ್ನಿ. ಅದು ನಿಮ್ಮ ಮನೆಗೆ ಹೇಗೆ ಬಂತೆಂದು ಕೇಳಿಕೊಂಡು ಬನ್ನಿ. ಸುಳ್ಳು ಹೇಳುವ ಹಾಗಿಲ್ಲ” ಎಂದೆ.

ಮರುದಿನ ತರಗತಿ ಸಂತೆಯಾಯಿತು. ಒಬ್ಬ ಚಳ್ಳಕೆರೆಯಲ್ಲಿ ಕೊಂಡ ಕಂಬಳಿ ಹೊದ್ದುಕೊಂಡೇ ಬಂದಿದ್ದ, ಆ ಬಿಸಿಲಿನಲ್ಲಿ. ಸಿದ್ದಾಪುರದ ಗುಡ್ಡದಲ್ಲಿ ಬಿದ್ದಿದ್ದ ನವಿಲುಗರಿ ಬಂತು. ಹೆಸರು ಕೊರೆದ ತಟ್ಟೆಗಳು ಬಂದವು. ನಾಗವೇಣಿ ಮಗ್ಗದ ಹಳೆಯ ಲಾಳಿ ತಂದಿದ್ದಳು; ಅಜ್ಜಿಯ ಅಜ್ಜಿಯದು, ಅಂಚು ಸವೆದು ಬೆರಳಿನ ಅಚ್ಚು ಮೂಡಿತ್ತು. ‘ಇನ್ಹೆರಿಟೆಡ್’ ಎಂಬ ಮಾತನ್ನು ಅವಳು ಎರಡು ಸಲ ಹೇಳಿದಳು. ಗೋಡೆಯ ಹಾಳೆಯಲ್ಲಿದ್ದ ತಾತನ ಗಡಿಯಾರಕ್ಕೆ ಅವಳು ಅದನ್ನು ಅಷ್ಟು ಮೆಲ್ಲಗೆ ಎಂದೂ ಹೇಳಿರಲಿಲ್ಲ.

ರಹಮತ್ ಮೇಜಿನ ಮೇಲೆ ಒಂದು ದೊಡ್ಡ ಸ್ಪ್ಯಾನರ್ ಇಟ್ಟ.

“ಬಾಟ್?” ಎಂದೆ.

“ನೋ ಮೇಡಂ.”

“ಬಾರೋಡ್? ಅಪ್ಪನನ್ನು ಕೇಳಿ ತಂದೆಯಾ?”

“ಕೇಳಿಲ್ಲ ಮೇಡಂ. ಕದ್ದಿದ್ದಕ್ಕೆ ಏನಂತಾರೆ?”

“ಲೇ, ನಿಮ್ಮಪ್ಪ ಲಾರಿ ಬಿಚ್ಚಾಕ್ಕಂಡು ಇದನ್ನೇ ಹುಡುಕ್ತಿರ್ತಾನೆ ಕಣೋ!” ಎಂದು ಹಿಂದಿನಿಂದ ಯಾರೋ ಕೂಗಿದರು. ರಹಮತ್ ಸ್ಪ್ಯಾನರ್ ಎತ್ತಿಕೊಂಡು ಓಡಿದ. ಕದಿಯುವುದಕ್ಕೆ ಹೇಳುವ ‘ಸ್ಟೀಲ್’ ಎಂಬ ಕ್ರಿಯಾಪದ ನನ್ನ ಏಳರ ಪಟ್ಟಿಯಲ್ಲಿ ಇರಲಿಲ್ಲ. ಅಂದು ಎಲ್ಲರಿಗೂ ಒಂದೇ ಸಲಕ್ಕೆ ಬಂತು.

ಒಂಬತ್ತು ದಿನದಲ್ಲಿ ಇಂಗ್ಲಿಷ್ ಬರುವುದಿಲ್ಲ. ಅದು ನನಗೂ ಗೊತ್ತಿತ್ತು. ಅಲ್ಲಿಂದ ಮುಂದೆ ದಿನಾ ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ, ಬಿಸಿಲು ಏರುವ ತನಕ, ನಿಜವಾದ ವಸ್ತು ಮತ್ತು ನಿಜವಾದ ವಾಕ್ಯ ಅಷ್ಟನ್ನೇ ಮಾಡಿದೆ. ಒಕ್ಕೊರಲು ನಿಲ್ಲಿಸಿದೆ. ಮೊದಲೆರಡು ದಿನ ಆ ಮೌನ ನನಗೇ ಸಹಿಸಲಾಗಲಿಲ್ಲ.

ಗುರುವಾರ ಅಧಿಕಾರಿ ಬಂದರು. ಮಕ್ಕಳನ್ನು ಹೊರಗೆ ಬೇವಿನ ಮರದ ಕೆಳಗೆ ಕೂರಿಸಿ ಒಬ್ಬೊಬ್ಬರನ್ನಾಗಿ ಒಳಗೆ ಕರೆದರು. ಪ್ರತಿಯೊಬ್ಬರೂ ಮೊದಲು ಒಂದು ಹಾಳೆಯ ಮೇಲೆ ಹೆಸರು ಬರೆದು ರುಜು ಹಾಕಬೇಕಿತ್ತು. ನಾನೂ ಹೆಡ್‌ಮಾಸ್ಟರೂ ಹಿಂದಿನ ಬೆಂಚಿನಲ್ಲಿ. ತುಟಿ ಅಲ್ಲಾಡಿಸಬಾರದೆಂಬ ಷರತ್ತು.

ಮೊದಲು ಬಂದ ಹುಡುಗ ಗಾಬರಿಯಾಗಿ ಹಳೆಯ ಏಳನ್ನು ಒಂದೇ ಉಸಿರಿಗೆ ಹೇಳಿದ. ಅಧಿಕಾರಿ, “ತಳಕಿನ ಅಂಕಲ್ ಹೆಸರೇನು?” ಎಂದರು. “ಅಂಕಲ್ ಇಲ್ಲ ಸರ್.” “ಉಂಗುರ?” “ಅದೂ ಇಲ್ಲ ಸರ್.” ಅವರು ಏನೋ ಬರೆದುಕೊಂಡರು. ಹೆಡ್‌ಮಾಸ್ಟರ ಉಸಿರು ನನಗೆ ಕೇಳಿಸುತ್ತಿತ್ತು. ಎರಡನೆಯವನು ಕಂಬಳಿಯ ಬಗ್ಗೆ ಎರಡು ವಾಕ್ಯ ಹೇಳಿ ನಿಂತುಬಿಟ್ಟ. ಅದನ್ನೂ ಬರೆದುಕೊಂಡರು, ಮುಖದಲ್ಲಿ ಏನೂ ಕಾಣಲಿಲ್ಲ.

ಮೂರನೆಯವಳು ನಾಗವೇಣಿ. ರುಜು ಹಾಕಿ ಮುಗಿಸಿದವಳ ಕೈಯಲ್ಲಿ ಪೆನ್ನು ಉಳಿದಿತ್ತು. ಅಧಿಕಾರಿ ಅದನ್ನೇ ತೋರಿಸಿ ಕೇಳಿದರು: “ಹೌ ಡಿಡ್ ಯು ಗೆಟ್ ದಿಸ್ ಪೆನ್?”

ಪೆನ್ನಿಗೆ ಗೋಡೆಯ ವಾಕ್ಯ ಸಿದ್ಧವಿತ್ತು: ಓಟದಲ್ಲಿ ಗೆದ್ದೆ. ಒಂದು ವರ್ಷ ದಿನಾ ಅವಳ ಬಾಯಲ್ಲಿ ನಾನೇ ಇಟ್ಟ ವಾಕ್ಯ. ಅವಳು ಪೆನ್ನು ನೋಡಿದಳು, ಬಾಗಿಲಾಚೆ ಮರದ ಕಡೆ ನೋಡಿದಳು.

“ಐ ಬಾರೋಡ್ ಇಟ್, ಸರ್. ಫ್ರಮ್ ರಹಮತ್. ಐ ವಿಲ್ ಗಿವ್ ಇಟ್ ಬ್ಯಾಕ್.”

ಅಧಿಕಾರಿ ಅವಳ ಉತ್ತರ ಪತ್ರಿಕೆಯ ಪ್ರತಿಯನ್ನು ಮುಂದಿಟ್ಟರು. “ಇಲ್ಲಿ ಓಟದಲ್ಲಿ ಗೆದ್ದೆ ಅಂತ ಬರೆದಿದ್ದೀಯ. ಎಲ್ಲರೂ ಅದನ್ನೇ ಬರೆದಿದ್ದಾರೆ. ಈ ಪ್ಯಾರಾ ನಿನಗೆ ಹೇಗೆ ಬಂತು? ಇಂಗ್ಲಿಷಿನಲ್ಲೇ ಹೇಳು.”

ಅವಳು ಮಾತುಗಳನ್ನು ಒಂದೊಂದಾಗಿ ಆರಿಸಿ ತೆಗೆದಳು.

“ಮೇಡಂ ಗೇವ್ ಇಟ್, ಸರ್. ವಿ ರಿಸೀವ್ಡ್ ಇಟ್. ವಿ ಡಿಡ್ ನಾಟ್ ಸ್ಟೀಲ್ ಇಟ್.”

ಮೇಡಂ ಕೊಟ್ಟರು, ನಾವು ತಗೊಂಡೆವು, ಕದಿಯಲಿಲ್ಲ. ಗೋಡೆಯ ಮೇಲೆ ಈ ವಾಕ್ಯ ಇರಲಿಲ್ಲ. ಅಧಿಕಾರಿ ಕನ್ನಡಕ ತೆಗೆದು ಹಿಂದಿನ ಬೆಂಚಿನ ಕಡೆ ತಿರುಗಿದರು.

“ನಿಜವೇನಮ್ಮ?”

“ಪೂರ್ತಿ ನಿಜ ಸರ್.”

“ಬರೆದು ಕೊಡುತ್ತೀರಾ? ಕೊಟ್ಟರೆ ಅದು ನಿಮ್ಮ ಸೇವಾ ಪುಸ್ತಕಕ್ಕೆ ಹೋಗುತ್ತದೆ.”

ಹೆಡ್‌ಮಾಸ್ಟರು ನನ್ನ ಕಡೆ ಬಾಗಿದರು. “ಮೇಡಂ, ಸ್ವಲ್ಪ ಮೆತ್ತಗೆ ಬರೀರಿ. ‘ಮಾದರಿಯಾಗಿ ಸೂಚಿಸಲಾಗಿತ್ತು’ ಅನ್ರಿ.”

ನಾನು ಸೂಚಿಸಿರಲಿಲ್ಲ, ಬಾಯಿಪಾಠ ಮಾಡಿಸಿದ್ದೆ. ಹಾಗೆಯೇ ಬರೆದೆ. ‘ಈ ವಾಕ್ಯಗಳು ನನ್ನವು. ಮಕ್ಕಳು ನನ್ನಿಂದ ಪಡೆದರು. ಅರ್ಥ ಕಲಿಸದೆ ಪಾಠ ಒಪ್ಪಿಸಿಕೊಂಡ ತಪ್ಪು ನನ್ನದು.’ ನಾಲ್ಕು ಸಾಲು. ರುಜು ಹಾಕಲು ಪೆನ್ನಿಗೆ ಕೈ ಚಾಚಿದರೆ ನಾಗವೇಣಿ ಕೊಡಲಿಲ್ಲ. “ರಹಮತ್ದು ಮೇಡಂ. ಕೊಡ್ತೀನಿ ಅಂದ್ಬಿಟ್ಟಿದೀನಿ” ಎಂದು ಅದನ್ನು ಹಿಡಿದುಕೊಂಡು ಹೊರಗೆ ನಡೆದಳು. ಅಧಿಕಾರಿ ನಕ್ಕು ತಮ್ಮದನ್ನು ಕೊಟ್ಟರು.

ಉಳಿದ ಮಕ್ಕಳನ್ನೂ ಅವರು ಸಂಜೆಯವರೆಗೆ ಕೇಳಿದರು. ಯಾರನ್ನೂ ಬಿಡಲಿಲ್ಲ. ಕಾಲೇಜು ಸೇರಲು ನಾಲ್ಕು ದಿನ ಉಳಿದಿರುವಾಗ ಫಲಿತಾಂಶ ಬಿಟ್ಟರು. ಮೂವರು ನಪಾಸಾದರು, ಅದು ಅವರವರ ಅಂಕಗಳಿಂದ; ಸಪ್ಲಿಮೆಂಟರಿ ಬರೆದು ದಾಟಿದರು. ನಾಗವೇಣಿ ಚಳ್ಳಕೆರೆಗೆ ಹೋದಳು. ಹೋಗುವ ಹಿಂದಿನ ದಿನ ಲಾಳಿಯನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಂಡು ಬಂದು, “ಮೇಡಂ, ಬರೋ ವರ್ಷದ ಮಕ್ಳಿಗೆ ತೋರ್ಸಾಕೆ ಇಟ್ಕಳ್ರಿ. ಕೊಟ್ಟಿಲ್ಲ ಮತ್ತೆ, ಬಾರೋಡ್” ಎಂದಳು. ಎರಡು ವರ್ಷದ ಮೇಲೆ ಬಂದು ನೆನಪಿಟ್ಟು ಇಸಿದುಕೊಂಡು ಹೋದಳು. ಆ ಮೂರನೆಯ ಮಗ್ಗವನ್ನು ಅವರ ಮನೆಯವರು ಆಮೇಲೆ ಬಿಚ್ಚಿದರು.

ಹೊಸಬರಿಗೆ ಒಂದು ಮಾತು. ಶಿಸ್ತನ್ನು ಬಿಡಬೇಡಿ. ನಾನೂ ಬಿಡಲಿಲ್ಲ. ಆಮೇಲಿನ ವರ್ಷಗಳಲ್ಲೂ ಪ್ರತಿ ಸೋಮವಾರ ಒಂದು ವಸ್ತು, ಒಂದು ನಿಜವಾದ ವಾಕ್ಯ, ಪಕ್ಕದಲ್ಲಿ ಗುರುತು. ಆದರೆ ಗುರುತು ಹಾಕುವ ಮುಂಚೆ ಮಗು ಹೇಳಿದ್ದು ಅದರದ್ದೋ ನನ್ನದೋ ಎಂದು ಒಂದು ಗಳಿಗೆ ಯೋಚಿಸುತ್ತಿದ್ದೆ. ಹೇಳಲು ಇಷ್ಟವಿಲ್ಲದ ಮಗುವನ್ನು ಒತ್ತಾಯಿಸಲಿಲ್ಲ. ಕೆಲವು ವಸ್ತುಗಳು ಮನೆಗೆ ಬಂದ ದಾರಿಯನ್ನು ತರಗತಿಯಲ್ಲಿ ಹೇಳಲಾಗುವುದಿಲ್ಲ. ಮತ್ತೆ, ‘ನಮ್ಮ ತಾತನ ಹತ್ತಿರ ಗಡಿಯಾರವೇ ಇರಲಿಲ್ಲ’ ಎಂದು ಯಾವ ಮಗುವಾದರೂ ಕೈ ಎತ್ತಿದರೆ, ದಯವಿಟ್ಟು ಅಲ್ಲಿಗೆ ಪಾಠ ನಿಲ್ಲಿಸಿ ಕೇಳಿ.

ನಿವೃತ್ತಿಯ ವರ್ಷ ಪಿಂಚಣಿ ಕಾಗದ ಸಿದ್ಧಮಾಡುವಾಗ ಕಚೇರಿಯ ಗುಮಾಸ್ತ ನನ್ನ ಸೇವಾ ಪುಸ್ತಕದ ಒಂದು ಪುಟದಲ್ಲಿ ನಿಂತ. ಕೆಂಪು ಶಾಯಿಯಲ್ಲಿ ‘ಯಾಂತ್ರಿಕ ಬೋಧನೆಗಾಗಿ ಎಚ್ಚರಿಕೆ ನೀಡಲಾಗಿದೆ’ ಎಂದಿತ್ತು. ಒಳ್ಳೆಯ ಹುಡುಗ, ನನ್ನ ಮೇಲಿನ ಗೌರವಕ್ಕೆ ದನಿ ತಗ್ಗಿಸಿದ.

“ಮೇಡಂ, ಇಡೀ ಪುಸ್ತಕದಾಗೆ ಇದೊಂದೇ ಐತೆ. ಅರ್ಜಿ ಕೊಡ್ರಿ, ತೆಗೆಸಾಕೆ ಆಗ್ತೈತೇನೋ ನೋಡನ. ಯಾರೋ ಸಿಟ್ಟಿಗೆ ಕೊಟ್ಟಿರ್ಬೇಕು.”

“ಬೇಡಪ್ಪ, ಇರಲಿ. ಅದು ಯಾರೂ ಕೊಟ್ಟದ್ದಲ್ಲ. ನಾನು ಸಂಪಾದಿಸಿದ್ದು” ಎಂದೆ.